ವಾಹನ ವಿಮೆ: ಕಾಯಿದೆ ಕೇಳುವುದೆಷ್ಟು, ನಮಗೆ ಬೇಕಾದುದೆಷ್ಟು?

2022ರ ಶ್ರಾವಣ ಮಾಸದ ಒಂದು ಮುಂಜಾನೆ ನನ್ನ ಸೋದರಮಾವನ ಮಗ ತನ್ನ ತಾಯಿಯನ್ನು ಸ್ಕೂಟರಿನ ಹಿಂದಿನ ಆಸನದಲ್ಲಿ ಕುಳ್ಳಿರಿಸಿಕೊಂಡು ಮುಲುಂಡಿನಿಂದ ಥಾಣೆಯ ಕಡೆಗೆ ದೇವಸ್ಥಾನಕ್ಕೆಂದು ಹೊರಟಿದ್ದನು. ಮಳೆಯಿಂದ ನುಣುಪಾಗಿದ್ದ ರಸ್ತೆಯ ತಿರುವಿನಲ್ಲಿ ಗಾಡಿ ಜಾರಿತು. ಎದುರಿನಿಂದ ಯಾವ ವಾಹನವೂ ಬಂದಿರಲಿಲ್ಲ. ತಪ್ಪು ಹೊರಿಸಲು ಬೇರೊಬ್ಬರಿರಲಿಲ್ಲ. ಅವನಿಗೆ ಮೊಣಕೈ ತರಚಿದುದಷ್ಟೆ. ಅತ್ತೆಯ ತೊಡೆಯ ಮೂಳೆ ಮಾತ್ರ ಎರಡು ಕಡೆ ಮುರಿದಿತ್ತು. ಶಸ್ತ್ರಚಿಕಿತ್ಸೆ, ಹನ್ನೊಂದು ದಿನಗಳ ಆಸ್ಪತ್ರೆವಾಸ, ಮೂರು ತಿಂಗಳ ಮಂಚ. ಆಸ್ಪತ್ರೆಯ ಬಿಲ್ಲು ಎರಡೂ ಮುಕ್ಕಾಲು ಲಕ್ಷವನ್ನು ದಾಟಿತು.

"ಇನ್ಶೂರೆನ್ಸ್ ಇದೆಯಲ್ಲ ಭಾವ, ಒಂದು ವರ್ಷವೂ ತಪ್ಪಿಸಿಲ್ಲ" ಎಂದು ಅವನು ಪಾಲಿಸಿಯ ಕಾಗದವನ್ನು ನನ್ನ ಕೈಗಿತ್ತನು. ಮೂವತ್ತು ವರ್ಷ ಸಾಮಾನ್ಯ ವಿಮೆಯ ಕಚೇರಿಯಲ್ಲಿ ಕುಳಿತು ಬಂದವನಾದುದರಿಂದ ಮೊದಲ ಸಾಲಿನಲ್ಲಿಯೇ ನನಗೆ ವಿಷಯ ತಿಳಿಯಿತು. ಅದು 'ಲಯಬಿಲಿಟಿ ಓನ್ಲಿ' ಎಂಬ ಪಾಲಿಸಿ. ಕಾಯಿದೆಗೆ ಎಷ್ಟು ಬೇಕೋ ಅಷ್ಟೇ. ಅದಕ್ಕಿಂತ ಒಂದು ಕೂದಲಿನಷ್ಟೂ ಹೆಚ್ಚಿಲ್ಲ. ಅವನ ಸ್ವಂತ ತಾಯಿ ಆ ಕಾಗದದ ಆಶ್ರಯದೊಳಗೆ ಬರುತ್ತಿರಲಿಲ್ಲ.

ಈ ಮಾತನ್ನು ಅವನಿಗೆ ಹೇಳಿದಾಗ ಅವನ ಮುಖದಲ್ಲಿ ಕಂಡ ಭಾವವೇ ಈ ಲೇಖನಕ್ಕೆ ಕಾರಣವೆನ್ನಬಹುದು. ನಮ್ಮ ಸಂಘದ ಸದಸ್ಯರಲ್ಲಿ ಬಹುಮಂದಿಯ ಮನೆಯಲ್ಲಿ ಇಂದು ಕಾರೋ ಸ್ಕೂಟರೋ ಇದೆ. ವಿಮೆಯೂ ಇದೆ. ಪಾಲಿಸಿಯನ್ನು ಓದಿದವರು ಎಷ್ಟು ಮಂದಿ?

ವಾಹನಕ್ಕೆ ವಿಮೆ ಕಡ್ಡಾಯವೆಂಬ ವಿಚಾರ ನಮ್ಮಲ್ಲಿ ಹುಟ್ಟಿದುದಲ್ಲ. ಬ್ರಿಟನ್ನಿನಲ್ಲಿ 1930ರ ರಸ್ತೆ ಸಂಚಾರ ಕಾಯಿದೆ ಅದನ್ನು ಕಡ್ಡಾಯ ಮಾಡಿತು. ಭಾರತದಲ್ಲಿ 1939ರ ಮೋಟಾರು ವಾಹನ ಕಾಯಿದೆ ಅದೇ ಹಾದಿಯನ್ನು ಹಿಡಿಯಿತು. ಈಗ ಅದರ ಸ್ಥಾನದಲ್ಲಿ 1988ರ ಕಾಯಿದೆ ಇದೆ. ಅದರ 146ನೆಯ ಕಲಮಿನ ಪ್ರಕಾರ ಮೂರನೆಯ ವ್ಯಕ್ತಿಗೆ ಆಗಬಹುದಾದ ಹಾನಿಯ ವಿಮೆಯಿಲ್ಲದೆ ಯಾವ ಮೋಟಾರು ವಾಹನವನ್ನೂ ಸಾರ್ವಜನಿಕ ಸ್ಥಳದಲ್ಲಿ ಓಡಿಸಕೂಡದು. ತಪ್ಪಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ. ಮರುಕಳಿಸಿದರೆ ದಂಡ 4,000 ರೂಪಾಯಿ. ಈ ಮೊತ್ತಗಳು 2019ರ ತಿದ್ದುಪಡಿಯಿಂದ ಬಂದವು.

ಇಲ್ಲಿ 'ಮೂರನೆಯ ವ್ಯಕ್ತಿ' ಯಾರು? ವಿಮೆ ಮಾಡಿಸಿದ ಮಾಲೀಕನು ಮೊದಲನೆಯವನು; ವಿಮಾ ಕಂಪನಿ ಎರಡನೆಯದು; ನಮ್ಮ ಗಾಡಿಯಿಂದ ಪೆಟ್ಟು ತಿಂದ ದಾರಿಹೋಕನು ಮೂರನೆಯವನು. ಕಾಯಿದೆಯ ಕಳಕಳಿಯೆಲ್ಲ ಆ ದಾರಿಹೋಕನ ಬಗೆಗೆ. ಅವನ ಸಾವು ಅಥವಾ ಗಾಯಕ್ಕೆ ನ್ಯಾಯಮಂಡಳಿ ನಿಗದಿಪಡಿಸಿದ ಪರಿಹಾರವನ್ನು, ಅದೆಷ್ಟೇ ಇರಲಿ, ಕಂಪನಿ ಕೊಡುತ್ತದೆ. ಅವನ ಆಸ್ತಿಪಾಸ್ತಿಗಾದ ನಷ್ಟಕ್ಕೆ ಖಾಸಗಿ ಕಾರಿನ ವಿಷಯದಲ್ಲಿ ಏಳೂವರೆ ಲಕ್ಷದ ಮಿತಿಯಿದೆ. ನಮ್ಮ ಗಾಡಿ ನುಚ್ಚುನೂರಾದರೂ, ಕಳುವಾದರೂ, ಸುಟ್ಟುಹೋದರೂ ಈ ಪಾಲಿಸಿಯಿಂದ ಒಂದು ಪೈಸೆ ಬಾರದು.

ಹಿಂದೆ ಕುಳಿತವರ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯವೇ ವಿಚಾರಿಸಿದೆ. ಕಾಯಿದೆಯಷ್ಟಕ್ಕೆ ಮಾಡಿಸಿದ ಪಾಲಿಸಿಯಲ್ಲಿ ಸ್ಕೂಟರಿನ ಹಿಂಬದಿ ಸವಾರರಿಗೆ ರಕ್ಷಣೆಯಿಲ್ಲವೆಂದು ಅದು 2006ರಲ್ಲಿ ತೀರ್ಪಿತ್ತಿತು. ಆದರೆ 'ಪ್ಯಾಕೇಜ್' ಅಥವಾ 'ಕಾಂಪ್ರಿಹೆನ್ಸಿವ್' ಎನ್ನುವ ಸಮಗ್ರ ಪಾಲಿಸಿಯಿದ್ದಲ್ಲಿ ಕಾರಿನೊಳಗಿನವರೂ ಹಿಂಬದಿ ಸವಾರರೂ ಅದರ ರಕ್ಷಣೆಗೆ ಒಳಪಡುತ್ತಾರೆಂಬುದು 2012ರ ಇನ್ನೊಂದು ತೀರ್ಪಿನಿಂದ ಸ್ಪಷ್ಟವಾಯಿತು. ನನ್ನ ಭಾವಮೈದುನನ ಹಳೆಯ ಸ್ಕೂಟರಿಗೆ ಈ ಎರಡರ ನಡುವಣ ಅಂತರ ವರ್ಷಕ್ಕೆ ಕೆಲವು ನೂರು ರೂಪಾಯಿಗಳು ಮಾತ್ರ.

"ಹದಿನೈದು ಲಕ್ಷದ ಅಪಘಾತ ವಿಮೆ ಎಂದು ಬರೆದಿದೆಯಲ್ಲ" ಎಂದೂ ಅವನು ಕೇಳಿದ್ದನು. ಹೌದು, ಬರೆದಿರುತ್ತದೆ. ಆದರೆ ಅದು ಸ್ವತಃ ಓಡಿಸುವ, ಲೈಸೆನ್ಸು ಉಳ್ಳ ಮಾಲೀಕನಿಗೆ ಮಾತ್ರ. ಅದೂ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಒದಗಿದಲ್ಲಿ. ಆಸ್ಪತ್ರೆಯ ಬಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ತಂದೆಯ ಹೆಸರಿನ ಕಾರನ್ನು ಮಗ ಓಡಿಸುವ ಮನೆಗಳು ನಮ್ಮಲ್ಲಿ ಬಹಳ. ಆ ಹದಿನೈದು ಲಕ್ಷ ಮಗನಿಗೆ ಸಲ್ಲದೆಂಬುದನ್ನು ಅಂಥವರು ನೆನಪಿಡಬೇಕು.

ಇನ್ನು ಖರ್ಚಿನ ಮಾತು. 1973ರ ಜನವರಿ 1ರಂದು ಸಾಮಾನ್ಯ ವಿಮೆ ರಾಷ್ಟ್ರೀಕರಣವಾದ ಮೇಲೆ ಕಲ್ಕತ್ತೆ, ಬೊಂಬಾಯಿ, ದಿಲ್ಲಿ, ಮದರಾಸುಗಳಲ್ಲಿ ಕೇಂದ್ರ ಕಚೇರಿಯಿದ್ದ ನಾಲ್ಕು ಸರಕಾರಿ ಕಂಪನಿಗಳಷ್ಟೇ ಇದ್ದುವು. ಯಾರಲ್ಲಿಗೆ ಹೋದರೂ ಒಂದೇ ದರ. ಈಗ ಹಾಗಿಲ್ಲ. 2007ರ ಜನವರಿ 1ರಿಂದ ಸ್ವಂತ ವಾಹನದ ಹಾನಿಗೆ ಸಂಬಂಧಿಸಿದ ಭಾಗದ ದರವನ್ನು ಕಂಪನಿಗಳೇ ನಿರ್ಧರಿಸುತ್ತವೆ. ಮೂರನೆಯ ವ್ಯಕ್ತಿಯ ಭಾಗವನ್ನು ಮಾತ್ರ ಸರಕಾರ ಗೊತ್ತುಪಡಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1,000 ಸಿ.ಸಿ.ವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1,500 ಸಿ.ಸಿ.ವರೆಗೆ 3,416, ಅದಕ್ಕೂ ಮೇಲ್ಪಟ್ಟರೆ 7,897. ಸಾಮಾನ್ಯ ಸ್ಕೂಟರು ಬರುವ 75ರಿಂದ 150 ಸಿ.ಸಿ. ವರ್ಗಕ್ಕೆ 714. ಇವುಗಳ ಮೇಲೆ ತೆರಿಗೆ ಬೇರೆ. ಆದುದರಿಂದ "ನಮ್ಮಲ್ಲಿ ಥರ್ಡ್ ಪಾರ್ಟಿ ಅಗ್ಗ" ಎಂದು ಏಜೆಂಟನು ಹೇಳಿದರೆ ನಸುನಕ್ಕು ಮುಂದೆ ಹೋಗಬಹುದು. ಚೌಕಾಸಿಗೆ ಅವಕಾಶವಿರುವುದು ಇನ್ನೊಂದು ಭಾಗದಲ್ಲಿ. ಹೊಸ ಗಾಡಿ ಕೊಳ್ಳುವವರು 2018ರ ಸೆಪ್ಟೆಂಬರ್ 1ರಿಂದ, ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ, ಮೂರನೆಯ ವ್ಯಕ್ತಿಯ ವಿಮೆಯನ್ನು ಕಾರಿಗೆ ಮೂರು ವರ್ಷಕ್ಕೂ ದ್ವಿಚಕ್ರಕ್ಕೆ ಐದು ವರ್ಷಕ್ಕೂ ಒಮ್ಮೆಗೇ ತೆಗೆದುಕೊಳ್ಳಬೇಕು. ಸ್ವಂತ ಹಾನಿಯ ಭಾಗವನ್ನು ಬೇರೆ ಕಂಪನಿಯಿಂದ ಪ್ರತ್ಯೇಕವಾಗಿ ಕೊಳ್ಳಲು 2019ರಿಂದ ಅವಕಾಶವಾಗಿದೆ. ಶೋರೂಮಿನಲ್ಲಿ ಕೊಟ್ಟ ಪಾಲಿಸಿಗೇ ಜೀವಮಾನವೆಲ್ಲ ಅಂಟಿಕೊಂಡಿರಬೇಕಾದ ಋಣವೇನೂ ಇಲ್ಲ.

ಕಂತನ್ನು ಇಳಿಸುವ ಅತ್ಯಂತ ದೊಡ್ಡ ಸಾಧನ ನಮ್ಮ ಕೈಯಲ್ಲಿಯೇ ಇದೆ: ಅದು 'ನೋ ಕ್ಲೇಮ್ ಬೋನಸ್'. ಒಂದು ವರ್ಷ ಕ್ಲೇಮು ಮಾಡದಿದ್ದರೆ ಸ್ವಂತ ಹಾನಿಯ ಕಂತಿನಲ್ಲಿ ನೂರಕ್ಕೆ 20 ರಿಯಾಯಿತಿ. ಮುಂದೆ 25, 35, 45, ಐದನೆಯ ವರ್ಷದ ಕೊನೆಗೆ 50. ಒಂದು ಕ್ಲೇಮು ಮಾಡಿದರೆ ಸಾಮಾನ್ಯ ನಿಯಮದಂತೆ ಮರಳಿ ಸೊನ್ನೆ. ಇದರ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ರಿಯಾಯಿತಿಯಿಲ್ಲದ ಕಂತು 10,000 ರೂಪಾಯಿ ಇದ್ದು ನೀವು 5,000 ಕಟ್ಟುತ್ತಿದ್ದೀರಿ ಎನ್ನಿ. ಸೊಸೈಟಿಯ ಕಂಬಕ್ಕೆ ತಾಗಿ ಬಂಪರು ಒಡೆಯಿತು, 6,000ದ ಭಾಗ. ಪ್ಲಾಸ್ಟಿಕ್ಕಿಗೆ ಸವಕಳಿಯೆಂದು ಅರ್ಧ ಕಳೆಯುತ್ತಾರೆ. ಸಣ್ಣ ಕಾರಿಗೆ ಕಡ್ಡಾಯವಾಗಿ ನಾವು ಹೊರಬೇಕಾದ 1,000ವನ್ನೂ ಕಳೆಯುತ್ತಾರೆ. ಕೈಗೆ ಬರುವುದು 2,000. ಮುಂದಿನ ವರ್ಷ ಕಂತು 10,000. ಬಳಿಕ 8,000, 7,500, 6,500, 5,500. ಗಾಡಿಯ ಬೆಲೆ ಇಳಿಯುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಐದು ವರ್ಷಗಳಲ್ಲಿ 12,500 ರೂಪಾಯಿ ಹೆಚ್ಚುವರಿ ಕಟ್ಟಿದಂತಾಯಿತು. ಗ್ಯಾರೇಜಿನವನು "ಕ್ಲೇಮ್ ಹಾಕಿಬಿಡಿ ಸಾಹೇಬರೆ, ನಿಮಗೇನು ಖರ್ಚು" ಎನ್ನುತ್ತಾನೆ. ಖರ್ಚು ಅವನದಲ್ಲವಷ್ಟೆ.

ಈ ಬೋನಸು ಗಾಡಿಯದಲ್ಲ, ಮಾಲೀಕನದು. ಹಳೆಯ ಕಾರನ್ನು ಮಾರಿ ಹೊಸದನ್ನು ಕೊಳ್ಳುವಾಗ ಕಂಪನಿಯಿಂದ ಪತ್ರ ಪಡೆದು ಅದನ್ನು ಹೊಸ ಕಾರಿಗೆ ತರಬಹುದು. ಎಷ್ಟೋ ಮಂದಿ ಇದನ್ನರಿಯದೆ ನೂರಕ್ಕೆ ಐವತ್ತರ ರಿಯಾಯಿತಿಯನ್ನು ಹಳೆಯ ಗಾಡಿಯೊಡನೆ ಬಿಟ್ಟುಬಿಡುತ್ತಾರೆ. ಪಾಲಿಸಿ ಮುಗಿದು 90 ದಿನಗಳು ಕಳೆದರಂತೂ ಬೋನಸು ತಾನಾಗಿಯೇ ಅಳಿಯುತ್ತದೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಮರೆತು ಕುಳಿತವರನ್ನು ನಾನು ಕಚೇರಿಯಲ್ಲಿ ಬಹಳ ಕಂಡಿದ್ದೇನೆ.

ಒಂದು ಕಡೆ ಮಾತ್ರ ಉಳಿತಾಯ ಸಲ್ಲದು. 'ಐ.ಡಿ.ವಿ.' ಎಂದರೆ ಗಾಡಿಯ ವಿಮಾಕೃತ ಬೆಲೆ. ಅದನ್ನು ತಗ್ಗಿಸಿ ಕಂತು ಕಡಿಮೆಯೆಂದು ತೋರಿಸುವವರಿದ್ದಾರೆ. ಕಾರು ಕಳುವಾದ ದಿನ ಕೈಗೆ ಬರುವುದು ಆ ತಗ್ಗಿಸಿದ ಬೆಲೆಯೇ.

ನಮ್ಮಂಥ ವಲಸಿಗರಿಗೆ ವಿಶೇಷವಾದ ತೊಡಕುಗಳೂ ಕೆಲವಿವೆ. ಊರಿನಲ್ಲಿ ನೋಂದಾಯಿಸಿದ ಕಾರನ್ನು ಇಲ್ಲಿಗೆ ತಂದರೆ ವಿಮೆ ಸಲ್ಲುತ್ತದೆಯೇ ಎಂಬುದು ಪದೇ ಪದೇ ಬರುವ ಪ್ರಶ್ನೆ. ಸಲ್ಲುತ್ತದೆ, ಪಾಲಿಸಿಗೆ ರಾಜ್ಯದ ಗಡಿಯಿಲ್ಲ. ಆದರೆ ಹನ್ನೆರಡು ತಿಂಗಳಿಗೂ ಮೀರಿ ಬೇರೆ ರಾಜ್ಯದಲ್ಲಿಟ್ಟರೆ ಊರಿನ ಆರ್.ಟಿ.ಓ.ದಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿಯ ನಂಬರು ಪಡೆಯಬೇಕೆಂದು ಕಾಯಿದೆಯ 47ನೆಯ ಕಲಮು ಹೇಳುತ್ತದೆ. ನಂಬರು ಬದಲಾದೊಡನೆ ಪಾಲಿಸಿಯಲ್ಲಿಯೂ ಬದಲಾಯಿಸಿಕೊಳ್ಳಬೇಕು. ದರಪಟ್ಟಿಯ ಕಾಲದಿಂದಲೂ ಮುಂಬಯಿ, ದಿಲ್ಲಿ, ಕೋಲ್ಕತ, ಚೆನ್ನೈ, ಹೈದರಾಬಾದು, ಪುಣೆ, ಅಹಮದಾಬಾದು, ಬೆಂಗಳೂರುಗಳು 'ಎ' ವಲಯ. ನಮ್ಮ ಉಡುಪಿ, ಹುಬ್ಬಳ್ಳಿ, ಕಲಬುರಗಿಗಳು 'ಬಿ' ವಲಯ, ಕಂತು ಸ್ವಲ್ಪ ಕಡಿಮೆ. ಆ ಸ್ವಲ್ಪಕ್ಕಾಗಿ ಊರಿನ ವಿಳಾಸವನ್ನೇ ಮುಂದುವರಿಸಿ ಕೊನೆಗೆ ಕ್ಲೇಮಿನ ಹೊತ್ತಿನಲ್ಲಿ ತಕರಾರಿಗೆ ಸಿಕ್ಕುವುದು ಜಾಣತನವಲ್ಲ. ಪದೇ ಪದೇ ವರ್ಗವಾಗುವ ಸರಕಾರಿ ನೌಕರರಿಗೂ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಯವರಿಗೂ 2021ರಲ್ಲಿ ಬಂದ 'ಬಿ.ಎಚ್.' ಸರಣಿಯ ನಂಬರು ಈ ಓಡಾಟವನ್ನು ತಪ್ಪಿಸುತ್ತದೆ.

ಇದಕ್ಕಿಂತ ಅಪಾಯದ ವಿಷಯ, ಊರಿನಲ್ಲಿ ನಂಬಿಕೆಯ ಮೇಲೆ ಮಾರಿಬಂದ ಗಾಡಿ. "ಗೊತ್ತಿದ್ದವನೇ, ಹೆಸರು ಆಮೇಲೆ ಬದಲಾಯಿಸಿಕೊಳ್ಳುತ್ತಾನೆ" ಎಂದು ಕೈಕುಲುಕಿ ಬರುತ್ತೇವೆ. ಆರ್.ಟಿ.ಓ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕನೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆ. ಕೊಂಡವನು ವಿಮೆಯಿಲ್ಲದೆ ಯಾರಿಗಾದರೂ ಡಿಕ್ಕಿ ಹೊಡೆದರೆ ಪರಿಹಾರದ ನೋಟೀಸು ಡೊಂಬಿವಿಲಿಯ ನಿಮ್ಮ ಮನೆಬಾಗಿಲಿಗೆ ಬರುತ್ತದೆ. ಹಳೆಯ ಕಾರನ್ನು ಕೊಳ್ಳುವವರೂ ಹದಿನಾಲ್ಕು ದಿನಗಳೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು.

ಮಳೆಗಾಲದ ಮಾತನ್ನಾಡದೆ ಮುಂಬಯಿಯಲ್ಲಿ ವಾಹನದ ಮಾತು ಮುಗಿಯದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದುದನ್ನು ಇಲ್ಲಿದ್ದವರಾರೂ ಮರೆತಿರಲಾರರು. ನೆರೆಯಿಂದಾದ ಹಾನಿಗೆ ಸಮಗ್ರ ಪಾಲಿಸಿಯಲ್ಲಿ ರಕ್ಷಣೆಯಿದೆ. ಆದರೆ ನೀರಲ್ಲಿ ನಿಂತ ಕಾರನ್ನು ಚಾಲೂ ಮಾಡಲು ಹೋಗಿ ಎಂಜಿನ್ನಿನೊಳಗೆ ನೀರು ಸೇರಿ ಅದು ಕೆಟ್ಟರೆ, ಅದು ನೆರೆಯ ನೇರ ಪರಿಣಾಮವಲ್ಲವೆಂದು ಕಂಪನಿಗಳು ಕೈಚೆಲ್ಲುತ್ತವೆ. ನೀರಲ್ಲಿ ನಿಂತ ಗಾಡಿಯ ಕೀಲಿಯನ್ನು ಮುಟ್ಟಬೇಡಿ. ಫೋಟೋ ತೆಗೆದಿಟ್ಟು ಕಂಪನಿಗೆ ತಿಳಿಸಿ, ಎಳೆದೊಯ್ಯಲು ಹೇಳಿ. ತಗ್ಗು ಪ್ರದೇಶದಲ್ಲಿ ವಾಸಿಸುವವರು ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯನ್ನು ಕೊಳ್ಳುವುದು ಯೋಗ್ಯ. ಉಳಿದ ಹೆಚ್ಚುವರಿಗಳಲ್ಲಿ ಹೊಸ ಕಾರಿನ ಮೊದಲ ಕೆಲವು ವರ್ಷ ಸವಕಳಿ ಕಳೆಯದಿರುವ ವಿಮೆಗೆ ಅರ್ಥವಿದೆ. ಕೀಲಿ ಕಳೆದುಹೋಗುವುದರ ವಿಮೆ ಮೊದಲಾದುವು ನನ್ನ ಮಟ್ಟಿಗೆ ಅಂಗಡಿಯ ಅಲಂಕಾರ.

ಅಪಘಾತದ ಗಳಿಗೆಯಲ್ಲಿ ಮೊದಲ ಪ್ರಶ್ನೆ ಜೀವದ್ದು. 2025ರ ಮೇ 5ರಂದು ಕೇಂದ್ರ ಸರಕಾರ ಹೊರಡಿಸಿದ ಯೋಜನೆಯಂತೆ ಮೋಟಾರು ವಾಹನದಿಂದ ರಸ್ತೆಯಲ್ಲಿ ಗಾಯಗೊಂಡ ಯಾರಿಗಾದರೂ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ, ಹಣ ಕಟ್ಟಿಸಿಕೊಳ್ಳದೆ ಚಿಕಿತ್ಸೆ ನಡೆಯಬೇಕು. ಗಾಯಾಳುವಿನ ಬಳಿ ವಿಮೆಯಿದೆಯೇ ಎಂದು ಕೇಳುವ ಪ್ರಸಂಗವೇ ಇಲ್ಲ. ಅತ್ತೆಯ ಕಾಲಕ್ಕೆ ಇದಿರಲಿಲ್ಲ. 112ಕ್ಕೆ ಕರೆಮಾಡಿ ಪೊಲೀಸರಿಗೆ ತಿಳಿಸುವುದು ಅಗತ್ಯ. ಗಾಯಾಳುವನ್ನು ಕರೆದೊಯ್ದ ಸಜ್ಜನರನ್ನು ಪೊಲೀಸರು ಪೀಡಿಸಬಾರದೆಂದೂ ಕಾಯಿದೆಯಲ್ಲಿದೆ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಮರಣಕ್ಕೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿಯ ಪರಿಹಾರ 2022ರ ಏಪ್ರಿಲ್ 1ರಿಂದ ಇದೆ.

ಊರಿಗೆ ಹೋಗುವ ಹೆದ್ದಾರಿಯಲ್ಲಿ, ಕೊಲ್ಲಾಪುರದ ಬಳಿಯೋ ಕಾರವಾರದ ಬಳಿಯೋ ಅಪಘಾತವಾದರೆ ಅಲ್ಲಿಗೇ ಅಲೆಯಬೇಕೆಂದು ಹೆದರಿ ಪರಿಹಾರದ ಆಸೆಯನ್ನೇ ಬಿಟ್ಟ ಕುಟುಂಬಗಳಿವೆ. ನೀವು ವಾಸಿಸುವ ಊರಿನ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. ಆರು ತಿಂಗಳೊಳಗೆ ಹಾಕುವುದು ಕ್ಷೇಮ. ನಿಮ್ಮ ಸ್ವಂತ ಕ್ಲೇಮನ್ನು ಕಂಪನಿ ಅನ್ಯಾಯವಾಗಿ ತಿರಸ್ಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳೊಳಗೆ ಸಮಾಧಾನ ಸಿಗದಿದ್ದಲ್ಲಿ ವಿಮಾ ಲೋಕಪಾಲರಿಗೆ ಬರೆಯಿರಿ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿ, ಬೆಂಗಳೂರುಗಳಲ್ಲಿ ಅವರ ಕಚೇರಿಗಳಿವೆ. ಶುಲ್ಕವಿಲ್ಲ, ವಕೀಲರೂ ಬೇಡ.

ಅತ್ತೆ ಈಗ ಕೋಲೂರಿ ನಡೆಯುತ್ತಾರೆ. ಗಣೇಶ ಚತುರ್ಥಿಯ ದಿನ ಮೆಟ್ಟಿಲಿಳಿದು ಸಂಘದ ಮಂಟಪಕ್ಕೆ ಬಂದಿದ್ದರು. ಆಸ್ಪತ್ರೆಗೆಂದು ಮಾಡಿದ ಸಾಲವನ್ನು ನನ್ನ ಭಾವಮೈದುನ ಕಳೆದ ವರ್ಷ ತೀರಿಸಿದನು. ಈಚೆಗೆ ಪಾಲಿಸಿಯ ಹಣ ಕಟ್ಟುವ ಮುಂಚೆ ಕಾಗದವನ್ನು ನನ್ನಲ್ಲಿಗೆ ತರುತ್ತಾನೆ. ಶನಿವಾರ ಸಂಜೆ ಆರರಿಂದ ಎಂಟರವರೆಗೆ ನಾನು ಸಂಘದ ವಾಚನಾಲಯದಲ್ಲಿರುತ್ತೇನೆ. ಬೇಕಾದವರು ತಮ್ಮ ಪಾಲಿಸಿಯನ್ನು ತರಬಹುದು. ಅಕ್ಷರಗಳು ಬಹಳ ಸಣ್ಣವು, ಕನ್ನಡಕವನ್ನೂ ತನ್ನಿ.