ಉದ್ಯೋಗದ ಸಂದರ್ಶನವೂ ನಮ್ಮ ಮಕ್ಕಳೂ

ಕೆಲವು ವರ್ಷಗಳ ಹಿಂದೆ, ನಮ್ಮ ಶಾಲೆಯಲ್ಲಿ ಓದಿ ಒಳ್ಳೆಯ ಅಂಕಗಳೊಡನೆ ತೇರ್ಗಡೆಯಾಗಿದ್ದ ಒಬ್ಬ ತರುಣನು, ಪದವಿಯನ್ನೂ ಮುಗಿಸಿದ ಮೇಲೆ, ಒಂದು ಸಂಸ್ಥೆಯ ಸಂದರ್ಶನಕ್ಕೆ ಹೋಗಿ ಬಂದು ನಮ್ಮನ್ನು ಕಂಡನು. ಲೆಕ್ಕಪತ್ರದ ಕೆಲಸ, ಅವನು ಕಲಿತದ್ದೂ ಅದನ್ನೇ. “ಕೇಳಿದ್ದೆಲ್ಲ ನನಗೆ ಗೊತ್ತಿತ್ತು ಸರ್, ಬಾಯಿಗೆ ಬರಲಿಲ್ಲ” ಎಂದನು. ಮಂಡಳಿಯವರು ಮಲಯಾಳದಲ್ಲಿ ಕೇಳಿದ್ದರು. ಅದು ಅವನಿಗೆ ತಿಳಿಯದ ಭಾಷೆಯೇನೂ ಅಲ್ಲ; ಬಸ್ಸಿನಲ್ಲಿ, ಅಂಗಡಿಯಲ್ಲಿ ದಿನವೂ ಆಡುವ ಮಾತು. ಆದರೆ ಮೇಜಿನ ಆಚೆ ಮೂವರು ಕುಳಿತು ಕೇಳಿದಾಗ, ಯಾವ ಭಾಷೆಯಲ್ಲಿ ಉತ್ತರಿಸುವುದೆಂದು ಯೋಚಿಸುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿತ್ತು. ಅವನು ಹೋದ ಬಳಿಕ ನಾವು ನೆನಪು ಮಾಡಿಕೊಂಡೆವು: ಇಷ್ಟು ವರ್ಷ ನಮ್ಮಲ್ಲಿ ಕಲಿತ ಈ ಹುಡುಗನು ಅಪರಿಚಿತರ ಎದುರಿಗೆ ಕುಳಿತು ತನ್ನ ವಿಷಯವಾಗಿ ಐದು ನಿಮಿಷ ಮಾತಾಡಿದ ಸಂದರ್ಭ ಎಷ್ಟು? ಒಂದೂ ಹೊಳೆಯಲಿಲ್ಲ. ಪದ್ಯ ಬಾಯಿಪಾಠ ಒಪ್ಪಿಸಿದ್ದನು, ಭಾಷಣ ಸ್ಪರ್ಧೆಯಲ್ಲಿ ಬರೆದದ್ದನ್ನು ಕಲಿತು ಹೇಳಿದ್ದನು, ಅಷ್ಟೆ.

ಸಂದರ್ಶನಗಳೇ ಕಡಮೆಯಾಗುತ್ತಿರುವಾಗ ಇದೇಕೆಂದು ಕೇಳುವವರುಂಟು. ಕೇಂದ್ರ ಸರಕಾರವು ತನ್ನ ಕೆಳಗಿನ ದರ್ಜೆಯ ಹುದ್ದೆಗಳಿಗೆ ೨೦೧೬ರ ಜನವರಿ ೧ರಿಂದ ಸಂದರ್ಶನವನ್ನು ತೆಗೆದುಹಾಕಿರುವುದು ನಿಜ. ಆದರೆ ಮಂಗಳೂರಿನ ಆಸ್ಪತ್ರೆ, ಹೋಟೆಲು, ಅಂಗಡಿಗಳಲ್ಲಿ, ಖಾಸಗಿ ಶಾಲೆಗಳಲ್ಲಿ, ಬ್ಯಾಂಕುಗಳ ಅಧಿಕಾರಿ ಹುದ್ದೆಗಳಲ್ಲಿ, ಗಲ್ಫ್ ರಾಷ್ಟ್ರಗಳಿಗೆ ಜನರನ್ನು ಆರಿಸುವಲ್ಲಿ ಎದುರಿಗೆ ಕೂರಿಸಿ ಮಾತಾಡಿಸದೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹೋಗುವುದು ಇಂಥ ಕಡೆಗಳಿಗೇ.

ನಮ್ಮ ಊರಿನ ಮಕ್ಕಳಿಗೆ ಇದರಲ್ಲಿ ಒಂದು ವಿಶೇಷವಾದ ತೊಡಕೂ ಇದೆ. ೧೯೫೬ರ ನವೆಂಬರ್ ೧ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಈ ನೆಲದಲ್ಲಿ ಕನ್ನಡ ಮಾಧ್ಯಮದ ಮಗುವಿಗೆ ಮನೆಯ ಮಾತು ತುಳುವೋ, ಹವ್ಯಕ ಕನ್ನಡವೋ, ಕೊಂಕಣಿಯೋ, ಮರಾಠಿಯೋ, ಬ್ಯಾರಿಯೋ ಆಗಿರುತ್ತದೆ. ಪಾಠ ಕನ್ನಡದಲ್ಲಿ. ಉದ್ಯೋಗವನ್ನರಸಿ ಬಡಗಲಿಗೆ ಮಂಗಳೂರಿಗೆ ಹೋದರೆ ಇಂಗ್ಲಿಷು, ತೆಂಕಲಿಗೆ ಚಂದ್ರಗಿರಿ ಹೊಳೆ ದಾಟಿದರೆ ಮಲಯಾಳ. ಮೂರು ನಾಲ್ಕು ಭಾಷೆ ಬಲ್ಲ ಮಗುವೇ ಸಂದರ್ಶನದಲ್ಲಿ ಮೂಕನಾಗುತ್ತಾನೆ. ನೋಡಿದವರು ಅದನ್ನು ಅಜ್ಞಾನವೆಂದು ತಿಳಿಯುತ್ತಾರೆ. ಇದು ನಮ್ಮನ್ನು ಬಹಳವಾಗಿ ನೋಯಿಸಿದ ಸಂಗತಿ.

ಹೀಗಾಗಿ ಒಂಬತ್ತು ಹತ್ತನೆಯ ತರಗತಿಯ ಮಕ್ಕಳಿಗೆ ಸಂದರ್ಶನದ ಅಭ್ಯಾಸವನ್ನು ಪ್ರಾರಂಭಿಸಿದೆವು. ಪ್ರಾರಂಭದಲ್ಲಿಯೇ ತಪ್ಪಿದೆವೆಂಬುದನ್ನೂ ಹೇಳಬೇಕು. ಅಧ್ಯಾಪಕರ ಹಳೆಯ ಚಾಳಿಯಂತೆ ಕರಿಹಲಗೆಯ ಮೇಲೆ ಪ್ರಶ್ನೆಗಳನ್ನೂ ಮಾದರಿ ಉತ್ತರಗಳನ್ನೂ ಬರೆದುಕೊಟ್ಟೆವು. ಮರುವಾರ ಒಬ್ಬೊಬ್ಬರನ್ನಾಗಿ ಕರೆದು ಕೇಳಿದರೆ ಎಲ್ಲರೂ ಪರಿಶ್ರಮಿಗಳು, ಎಲ್ಲರೂ ಪ್ರಾಮಾಣಿಕರು, ಎಲ್ಲರ ಹವ್ಯಾಸವೂ ಪುಸ್ತಕ ಓದುವುದು! ಆರನೆಯವನು ಬಾಯಿ ತೆರೆಯುವಾಗ ಹಿಂದಿನ ಬೆಂಚಿನಿಂದ ಇಡೀ ಉತ್ತರ ಒಕ್ಕೊರಲಿನಿಂದ ಕೇಳಿಬಂತು. ನಾವೂ ನಕ್ಕೆವು, ಕರಿಹಲಗೆಯನ್ನು ಒರಸಿಬಿಟ್ಟೆವು.

ಆಮೇಲೆ ನೆನಪಿಗೆ ಬಂದುದು ನಮ್ಮದೇ ತರಬೇತಿಯ ಕಾಲ. ಅಧ್ಯಾಪಕರಾಗಲು ಕಲಿತವರೆಲ್ಲರೂ ಸೂಕ್ಷ್ಮಬೋಧನೆ ಎಂಬುದನ್ನು ಮಾಡಿಯೇ ಬಂದವರು. ೧೯೬೩ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲೆನ್ ಎಂಬವರೂ ಅವರ ಸಂಗಡಿಗರೂ ರೂಪಿಸಿದ ಕ್ರಮವಿದು. ನಮ್ಮ ದೇಶದಲ್ಲಿ ಇದಕ್ಕೆ ೩೬ ನಿಮಿಷಗಳ ಒಂದು ಸುತ್ತನ್ನು ಗೊತ್ತುಮಾಡಿದ್ದಾರೆ: ಆರು ನಿಮಿಷ ಪಾಠ, ಆರು ನಿಮಿಷ ಸಹಪಾಠಿಗಳ ಅಭಿಪ್ರಾಯ, ಹನ್ನೆರಡು ನಿಮಿಷ ಮರುಸಿದ್ಧತೆ, ಆರು ನಿಮಿಷ ಅದೇ ಪಾಠ ಇನ್ನೊಮ್ಮೆ, ಮತ್ತೆ ಆರು ನಿಮಿಷ ಅಭಿಪ್ರಾಯ. ಇದರ ಜೀವ ಇರುವುದು ‘ಇನ್ನೊಮ್ಮೆ’ ಎಂಬಲ್ಲಿ. ತಪ್ಪನ್ನು ತೋರಿಸಿ ಮನೆಗೆ ಕಳುಹಿಸಿದರೆ ಕಲಿಯುವವನಿಗೆ ಉಳಿಯುವುದು ನಾಚಿಕೆ ಮಾತ್ರ. ಕೂಡಲೆ ತಿದ್ದಿಕೊಳ್ಳಲು ಎಡೆ ಕೊಟ್ಟರೆ ಉಳಿಯುವುದು ಎರಡನೆಯ ಸಲದ ನೆನಪು. ಇದೇ ಕ್ರಮವನ್ನು ಸಂದರ್ಶನಕ್ಕೆ ಅಳವಡಿಸಿದೆವು. ಐದೈದು ಮಕ್ಕಳ ತಂಡ. ಒಬ್ಬ ಅಭ್ಯರ್ಥಿ, ಇಬ್ಬರು ಮಂಡಳಿಯವರು, ಇನ್ನಿಬ್ಬರು ನೋಡುವವರು. ನೋಡುವವರಲ್ಲಿ ಒಬ್ಬನು ಮಾತನ್ನು ಮಾತ್ರ ಕೇಳತಕ್ಕದ್ದು, ಮತ್ತೊಬ್ಬನು ಕಣ್ಣು, ಕೈ, ಕುಳಿತ ಭಂಗಿಗಳನ್ನು ಮಾತ್ರ ಗಮನಿಸತಕ್ಕದ್ದು.

ಕಷ್ಟವಾದದ್ದು ಅಭಿಪ್ರಾಯ ಹೇಳುವ ಭಾಗ. ಮೊದಮೊದಲು ಮಿತ್ರರಾದವರು “ಒಳ್ಳೆದಾಯಿತು” ಎಂದು ಮುಗಿಸಿದರು. ಮಿತ್ರರಲ್ಲದವರು ಗೇಲಿ ಮಾಡಿದರು. ಎರಡರಿಂದಲೂ ಪ್ರಯೋಜನವಿಲ್ಲ. ಬಹಳ ಯೋಚಿಸಿ ಒಂದು ಕಟ್ಟಳೆ ಮಾಡಿದೆವು: ಕಂಡದ್ದನ್ನು ಹೇಳು, ಅನಿಸಿದ್ದನ್ನು ಹೇಳಬೇಡ. “ನಿನಗೆ ಧೈರ್ಯ ಸಾಲದು” ಎಂಬುದು ಅನಿಸಿದ್ದು. ಅದನ್ನು ಕೇಳಿದವನು ಏನು ಮಾಡಬೇಕು? “ಪ್ರತಿ ಉತ್ತರದ ಕೊನೆಯ ಶಬ್ದ ನನಗೆ ಕೇಳಿಸಲಿಲ್ಲ”, “ಮಾತಾಡುವಾಗ ಪೆನ್ನಿನ ಮುಚ್ಚಳವನ್ನು ಒಂಬತ್ತು ಸಲ ತೆಗೆದು ಹಾಕಿದೆ” ಎಂಬುದು ಕಂಡದ್ದು. ಅದನ್ನು ಮುಂದಿನ ಸುತ್ತಿನಲ್ಲೇ ತಿದ್ದಬಹುದು. ಮೊದಲು ಅಭ್ಯರ್ಥಿಯೇ ತನ್ನ ಬಗ್ಗೆ ಹೇಳಬೇಕು, ಆಮೇಲೆ ಇತರರು. ಒಂದು ಒಳ್ಳೆಯ ಅಂಶ, ತಿದ್ದಬೇಕಾದ ಒಂದು ಅಂಶ, ಅದಕ್ಕಿಂತ ಹೆಚ್ಚಿಲ್ಲ. ನಾವು ಬಾಯಿ ಹಾಕುವುದು ಕಟ್ಟಕಡೆಗೆ. (ಈ ಕೊನೆಯ ನಿಯಮವನ್ನು ಪಾಲಿಸುವುದು ಅಧ್ಯಾಪಕರಿಗೆ ಎಷ್ಟು ಕಷ್ಟವೆಂಬುದು ಅಧ್ಯಾಪಕರಿಗೇ ಗೊತ್ತು.) ನಾವು ಹೇಳಿದರೆ ಮಕ್ಕಳು ಅದನ್ನು ಅಂಕವೆಂದು ತಿಳಿಯುತ್ತಾರೆ, ಜೊತೆಯವನು ಹೇಳಿದರೆ ಸುದ್ದಿಯೆಂದು ತಿಳಿದು ಕಿವಿಗೊಡುತ್ತಾರೆ.

ಜೊತೆಯವರಿಗೆ ತಿಳಿದಿರುವ ಎಷ್ಟೋ ವಿಷಯ ನಮಗೆ ತಿಳಿದಿರುವುದೂ ಇಲ್ಲ. ಒಬ್ಬ ಬಾಲಿಕೆಯನ್ನು “ನಿಮ್ಮ ವಿಷಯ ಹೇಳಿ” ಎಂದಾಗ ಹೆಸರು, ತಂದೆಯ ಹೆಸರು, ಮನೆಯ ಹೆಸರು ಹೇಳಿ ನಿಲ್ಲಿಸಿದಳು. “ಬೇರೇನಾದರೂ ಕೆಲಸ ಗೊತ್ತುಂಟಾ?” ಎಂದರೆ “ಇಲ್ಲ”. ಅಭಿಪ್ರಾಯದ ಹೊತ್ತಿಗೆ ಅವಳ ನೆರೆಮನೆಯ ಹುಡುಗಿ ತಡೆಯಲಾರದೆ ಕೇಳಿದಳು: “ನೀನು ಅಮ್ಮನ ಕುಟುಂಬಶ್ರೀಯ ಲೆಕ್ಕ ಬರೆಯುವುದಿಲ್ಲವಾ? ಅದನ್ನು ಎಂತಕ್ಕೆ ಹೇಳಲಿಲ್ಲ?” ಕುಟುಂಬಶ್ರೀ ಎಂದರೆ ೧೯೯೮ರಲ್ಲಿ ಕೇರಳ ಸರಕಾರ ಆರಂಭಿಸಿದ ಸ್ತ್ರೀಯರ ಸಂಘಟನೆ, ಅದರ ಅಯಲ್‌ಕೂಟಗಳು ಸೇರಿ ಉಳಿತಾಯದ ಹಣವನ್ನು ಕೂಡಿಸಿ, ಲೆಕ್ಕವನ್ನೂ ನಡಾವಳಿಯನ್ನೂ ಪುಸ್ತಕದಲ್ಲಿ ಬರೆದಿಡುತ್ತವೆ. ತಾಯಿಗೆ ಮಲಯಾಳ ಬರೆಯಲು ಬಾರದು. ಆದ್ದರಿಂದ ಎರಡು ವರ್ಷಗಳಿಂದ ಈ ಹುಡುಗಿಯೇ ಆ ಪುಸ್ತಕವನ್ನು ಮಲಯಾಳದಲ್ಲಿ ಬರೆಯುತ್ತಿದ್ದಳು. ಹತ್ತಾರು ಮನೆಗಳ ದುಡ್ಡಿನ ಲೆಕ್ಕ! ಅದು ಹೇಳತಕ್ಕ ಸಂಗತಿಯೆಂದು ಅವಳಿಗೆ ತೋರಿರಲೇ ಇಲ್ಲ. ನಮಗಂತೂ ಅದರ ಸುಳಿವೇ ಇರಲಿಲ್ಲ. ಎರಡನೆಯ ಸುತ್ತಿನಲ್ಲಿ ಅವಳು ಅದನ್ನು ಹೇಳಿದಾಗ ಮಂಡಳಿಯ ಹುಡುಗನು, “ಲೆಕ್ಕ ತಪ್ಪಿದರೆ ಏನು ಮಾಡುತ್ತೀರಿ?” ಎಂದು ಕೇಳಿದನು. ಒಮ್ಮೆ ಇಪ್ಪತ್ತು ರೂಪಾಯಿ ಕಡಮೆ ಬಂದುದನ್ನೂ, ಹಿಂದಿನ ಮೂರು ವಾರಗಳ ಪುಟಗಳನ್ನು ತಾಳೆ ನೋಡಿ ಹುಡುಕಿದ್ದನ್ನೂ ಅವಳು ನಿರರ್ಗಳವಾಗಿ ವಿವರಿಸಿದಳು. ಕರಿಹಲಗೆಯ ಮೇಲೆ ನಾವು ಬರೆದಿದ್ದ ‘ಪ್ರಾಮಾಣಿಕತೆ’ ಎಂಬ ಶಬ್ದವನ್ನು ಅವಳು ಬಳಸಲಿಲ್ಲ. ಬಳಸುವ ಅವಶ್ಯಕತೆಯೂ ಬೀಳಲಿಲ್ಲ.

ಕಣ್ಣಿನ ವಿಚಾರ ಇನ್ನೊಂದು. ಹಿರಿಯರ ಮುಂದೆ ತಲೆ ತಗ್ಗಿಸಿ ನಿಲ್ಲುವುದು ನಮ್ಮ ಮನೆಗಳಲ್ಲಿ ಮರ್ಯಾದೆ. ಸಂದರ್ಶಕರಿಗೆ ಅದು ಅಂಜಿಕೆಯಂತೆಯೋ ಏನನ್ನೋ ಮರೆಮಾಚುವಂತೆಯೋ ಕಾಣುತ್ತದೆ. ಮನೆಯ ಸಂಸ್ಕಾರವನ್ನು ಬಿಡಿರೆಂದು ನಾವು ಹೇಳಲಾರೆವು. ಉತ್ತರದ ಮೊದಲ ವಾಕ್ಯವನ್ನಾದರೂ ಕೇಳಿದವರ ಮುಖ ನೋಡಿ ಹೇಳಿ ಎಂದಷ್ಟೇ ಹೇಳುತ್ತೇವೆ. ಹಾಗೆಯೇ ಪ್ರಶ್ನೆ ಕೇಳಿಸದಿದ್ದಾಗ ನಮ್ಮ ಕಡೆಯ ಮಕ್ಕಳ ಬಾಯಿಂದ ಹೊರಡುವ “ಎಂತ?” ಎಂಬುದು ಇಲ್ಲಿ ಸಹಜವಾದ ಮಾತೇ ಆದರೂ ಬೆಂಗಳೂರಿನವರ ಕಿವಿಗೆ ಒರಟಾಗಿ ಕೇಳೀತು. “ದಯವಿಟ್ಟು ಇನ್ನೊಮ್ಮೆ ಹೇಳುವಿರಾ?” ಎಂಬ ಒಂದು ವಾಕ್ಯವನ್ನು ಕನ್ನಡ, ಮಲಯಾಳ, ಇಂಗ್ಲಿಷು ಮೂರರಲ್ಲಿಯೂ ನಾಲಗೆಗೆ ರೂಢಿ ಮಾಡಿಸಿದ್ದೇವೆ. ಬಾಯಿಪಾಠ ಮಾಡಿಸುವುದು ಇದೊಂದನ್ನೇ. ಉಡುಪು, ಪ್ರಮಾಣಪತ್ರಗಳ ಕಡತ, ಹೊತ್ತಿಗೆ ಮುಂಚೆ ತಲುಪುವುದು ಮುಂತಾದವನ್ನು ಎಲ್ಲರೂ ಬಲ್ಲರು.

ಇಷ್ಟಕ್ಕೂ ಸಿದ್ಧ ಪಾಠವಿಲ್ಲದೆ ಪ್ರಶ್ನೋತ್ತರ ನಡೆಸುವ ವಿದ್ಯೆ ಈ ಮಣ್ಣಿಗೆ ಹೊಸತೇ? ಕುಂಬಳೆ ಪಾರ್ತಿಸುಬ್ಬನ ಊರು. ಇಲ್ಲಿಯ ತಾಳಮದ್ದಳೆಯಲ್ಲಿ ಬರೆದಿರುವುದು ಪದ್ಯ ಮಾತ್ರ. ಅರ್ಥವನ್ನು ಅರ್ಥಧಾರಿಯು ಕುಳಿತಲ್ಲೇ ಕಟ್ಟಬೇಕು, ಎದುರಾಳಿ ಏನು ಕೇಳುವನೋ ಮುಂಚಿತವಾಗಿ ತಿಳಿಯದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ (೧೯೧೮–೨೦೦೬) ವಾದಸರಣಿಯನ್ನು ಕೇಳಿದ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಅಂಥ ಮಾತುಗಾರಿಕೆ ಒಂದು ದಿನದಲ್ಲಿ ಬರುವುದಲ್ಲ. ಸಣ್ಣ ಪಾತ್ರಗಳಲ್ಲಿ ಕುಳಿತು, ತಡವರಿಸಿ, ಮರುದಿನ ಜಗಲಿಯಲ್ಲಿ ಜೊತೆಯವರ ಟೀಕೆ ಕೇಳಿ ಬರುವುದು. ಮಕ್ಕಳಿಗೆ ಈ ಹೋಲಿಕೆಯನ್ನು ಹೇಳಿದಾಗ ವಿಷಯ ಬೇಗ ಹಿಡಿಯಿತು. ಆದರೆ ಅದರಿಂದ ಒಂದು ಪೇಚೂ ಆಯಿತು. ತಾಳಮದ್ದಳೆಯ ಹುಚ್ಚಿದ್ದ ಒಬ್ಬ ಬಾಲಕನು “ಈ ಕೆಲಸ ನಿಮಗೇಕೆ ಬೇಕು?” ಎಂಬ ಪ್ರಶ್ನೆಗೆ ಪೀಠಿಕೆಯಿಂದ ಆರಂಭಿಸಿ ನಾಲ್ಕು ನಿಮಿಷ ಮಾತಾಡಿದನು, ಕೆಲಸ ಏಕೆ ಬೇಕೆಂಬುದು ಮಾತ್ರ ಬರಲಿಲ್ಲ. ನೋಡುತ್ತಿದ್ದವಳು ಗಡಿಯಾರ ತೋರಿಸಿ, “ಎದುರಿನವರು ಎರಡು ಸಲ ಬಾಯಿ ತೆರೆದು ಮುಚ್ಚಿದರು” ಎಂದಳು. ಮುಂದಿನ ಸುತ್ತಿನಲ್ಲಿ ಅವನ ಉತ್ತರ ಅರ್ಧ ನಿಮಿಷಕ್ಕೆ ಇಳಿಯಿತು.

ಮಂಡಳಿಯ ಕುರ್ಚಿಯಲ್ಲಿ ಕುಳಿತವರೂ ಕಡಮೆ ಕಲಿಯುವುದಿಲ್ಲ. ಗೊತ್ತಿಲ್ಲದ್ದಕ್ಕೆ ಸುತ್ತಿ ಬಳಸಿ ಉತ್ತರಿಸುವವನು ಎದುರಿನಿಂದ ಹೇಗೆ ಕಾಣುತ್ತಾನೆ, “ಇದು ನನಗೆ ಗೊತ್ತಿಲ್ಲ” ಎಂದು ನೇರವಾಗಿ ಹೇಳುವವನು ಹೇಗೆ ಕಾಣುತ್ತಾನೆ ಎಂಬುದು ಆ ಕುರ್ಚಿಯಲ್ಲಿ ಕುಳಿತವನಿಗೇ ತಿಳಿಯುವುದು. ಈಚೆಗೆ ಮಲಯಾಳ ಮಾಧ್ಯಮದ ಮಕ್ಕಳನ್ನೂ ಮಂಡಳಿಗೆ ಕರೆಯುತ್ತಿದ್ದೇವೆ. ಅವರು ಮಲಯಾಳದಲ್ಲಿ ಕೇಳುತ್ತಾರೆ. ನಮ್ಮವರು ಮೊದಲು ತಡವರಿಸಿ, ಬಳಿಕ ಅದೇ ಭಾಷೆಯಲ್ಲಿಯೋ, ಅನುಮತಿ ಕೇಳಿ ಇಂಗ್ಲಿಷಿನಲ್ಲಿಯೋ ಉತ್ತರಿಸುತ್ತಾರೆ. ಪಾತ್ರ ಬದಲಾದಾಗ ಅವರು ಕನ್ನಡದ ಪ್ರಶ್ನೆಗೆ ತಡವರಿಸುತ್ತಾರೆ. ತಡವರಿಸುವುದು ತಮ್ಮೊಬ್ಬರ ಪಾಡಲ್ಲವೆಂದು ಕಂಡದ್ದೇ ನಮ್ಮ ಮಕ್ಕಳಿಗೆ ದೊಡ್ಡ ಔಷಧಿಯಾಯಿತು.

ಈ ಅಭ್ಯಾಸದಿಂದ ಕೆಲಸ ಸಿಕ್ಕಿಯೇ ಸಿಗುವುದೆಂದು ನಾವು ಯಾರಿಗೂ ಮಾತು ಕೊಟ್ಟಿಲ್ಲ. ಕೆಲಸಗಳು ಕಡಮೆ, ಕೇಳುವವರು ಬಹಳ. ಗೊತ್ತಿದ್ದದ್ದನ್ನು ಹೇಳಲಾರದೆ ಮರಳುವವರ ಸಂಖ್ಯೆ ಕಡಮೆಯಾದರೆ ನಮಗೆ ಸಾಕು.

ಇದಕ್ಕೆ ಹಣದ ಖರ್ಚಿಲ್ಲ. ಒಂದು ಮೇಜು, ಮೂರು ಕುರ್ಚಿ, ಗೋಡೆಯ ಗಡಿಯಾರ, ಶುಕ್ರವಾರದ ಕೊನೆಯ ಅವಧಿ. ಕೊರತೆಯಿರುವುದು ಅಪರಿಚಿತ ಮುಖಗಳದು. ಒಂದು ವರ್ಷ ಕಳೆಯುವಷ್ಟರಲ್ಲಿ ಮಕ್ಕಳಿಗೆ ನಮ್ಮೆಲ್ಲರ ಪ್ರಶ್ನೆಗಳೂ ಪರಿಚಿತವಾಗಿಬಿಡುತ್ತವೆ. ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ವ್ಯಾಪಾರದಲ್ಲಿ ಇರುವ ಹಳೆಯ ವಿದ್ಯಾರ್ಥಿಗಳೂ ಸಂಘದ ಸದಸ್ಯರೂ ವರ್ಷಕ್ಕೊಂದು ಶುಕ್ರವಾರ ಬಂದು ಮಂಡಳಿಯಲ್ಲಿ ಕುಳಿತರೆ ಉಪಕಾರವಾಗುವುದು. ಒಂದು ವಾರ ಮೊದಲು ಶಾಲೆಗೆ ತಿಳಿಸಿದರಾಯಿತು. ಯಾವ ಪ್ರಶ್ನೆ ಕೇಳುವಿರೆಂಬುದನ್ನು ಮಾತ್ರ ನಮಗೂ ಮುಂಚಿತವಾಗಿ ಹೇಳಬಾರದು.