ಏರುದಾರಿಯಲ್ಲಿ ಕಾಯುವ ಎಣ್ಣೆ

ಕಬ್ಬು ನುರಿಸುವ ಹಂಗಾಮಿನಲ್ಲಿ ಯರಗಟ್ಟಿಯ ಕೂಡುರಸ್ತೆಯ ಬಳಿ ಅರ್ಧ ಗಂಟೆ ನಿಂತರೆ ಸಾಕು, ಯಂತ್ರಶಾಸ್ತ್ರದ ಒಂದು ಅಧ್ಯಾಯವೇ ಕಣ್ಣ ಮುಂದೆ ಹಾದುಹೋಗುವುದು. ಎರಡೆರಡು ಟ್ರೇಲರುಗಳ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಹೊಗೆಯುಗುಳುತ್ತ, ನಡೆಯುವವನಿಗಿಂತ ತುಸುವೇ ಬೇಗನೆ ಏರನ್ನು ಹತ್ತುತ್ತವೆ. ಕಳೆದ ವರ್ಷ ಅಲ್ಲಿಯೇ ಚಹ ಕುಡಿಯುತ್ತಿದ್ದಾಗ ನಮ್ಮ ವಿದ್ಯಾರ್ಥಿಯೊಬ್ಬನು ಬಂದು ಕೇಳಿದನು: “ಸರ್, ನಮ್ಮಣ್ಣ ಒಂದು ಹಳೇ ಪಿಕಪ್ ನೋಡ್ಯಾನ್ರೀ. ಗೇರ್ ಹಾಕೂದ ಇಲ್ಲಂತ, ತಾನ ಬೀಳತಾವಂತ. ಅದಕ್ಕ ರಾಶಿ ಮಷಿನ್ ಕಟ್ಟಿ ಎಳದ್ರ ತಡೀತದೇನ್ರೀ?”

ಪ್ರಶ್ನೆ ಸಣ್ಣದಲ್ಲ. ಅಣ್ಣನು ಊರೂರಿಗೆ ರಾಶಿಯಂತ್ರವನ್ನು ಒಯ್ದು ಜೋಳ, ಕಡಲೆಗಳ ರಾಶಿ ಮಾಡಿಕೊಟ್ಟು ಜೀವನ ಸಾಗಿಸುವವನು. ಮೂರು ವರ್ಷದ ಉಳಿತಾಯ ಈ ವಾಹನದ ಮೇಲೆ ಹೋಗುವುದರಲ್ಲಿತ್ತು. ಆ ಚಹದಂಗಡಿಯ ಹಲಗೆಯ ಮೇಲೆ ಕುಳಿತು ಅವನಿಗೆ ಹೇಳಿದುದನ್ನೇ ಇಲ್ಲಿ ವಾಚಕರ ಮುಂದಿಡುತ್ತೇವೆ.

ಮೊದಲು ಟ್ರ್ಯಾಕ್ಟರನ್ನೇ ನೋಡೋಣ. ಅದರ ಎಂಜಿನ್ನು ಐವತ್ತು ಅಶ್ವಶಕ್ತಿಯದಿರಬಹುದು; ಪಿಕಪ್ಪಿನದು ಅದಕ್ಕಿಂತ ಹೆಚ್ಚಿನದೇ. ಆದರೂ ಟ್ರ್ಯಾಕ್ಟರು ಹೆಚ್ಚು ಎಳೆಯುವುದೇಕೆ? ಗುಟ್ಟು ಹಲ್ಲುಗಾಲಿಗಳಲ್ಲಿದೆ. ಅತಿ ಕೆಳಗಿನ ಗೇರಿನಲ್ಲಿ ಎಂಜಿನ್ನು ಸುಮಾರು ಇನ್ನೂರು ಸುತ್ತು ತಿರುಗಿದಾಗ ಹಿಂದಿನ ಗಾಲಿ ಒಂದು ಸುತ್ತು ತಿರುಗುತ್ತದೆ. ವೇಗವನ್ನು ಕಳೆದುಕೊಂಡಷ್ಟೂ ತಿರುಗುಬಲ, ಎಂದರೆ ಟಾರ್ಕು, ಬೆಳೆಯುತ್ತದೆ. ಶಕ್ತಿ ಎಲ್ಲಿಂದಲೂ ಹೊಸದಾಗಿ ಹುಟ್ಟುವುದಿಲ್ಲ. ಹಲ್ಲಿಗೆ ಹಲ್ಲು ಕೂಡಿರುವುದರಿಂದ ನಡುವೆ ಪೋಲಾಗುವುದೂ ಕಡಿಮೆ.

ತಾನಾಗಿಯೇ ಗೇರು ಬದಲಿಸುವ ಪೆಟ್ಟಿಗೆಯ ಸಂಗತಿಯೇ ಬೇರೆ. ಅದರಲ್ಲಿಯೂ ಹಲ್ಲುಗಾಲಿಗಳುಂಟು. ಆದರೆ ಎಂಜಿನ್ನಿಗೂ ಅವುಗಳಿಗೂ ನಡುವೆ ಕಾಲಿನಿಂದ ಒತ್ತುವ ಕ್ಲಚ್ಚಿಗೆ ಬದಲಾಗಿ ಟಾರ್ಕ್ ಕನ್ವರ್ಟರ್ ಎಂಬ, ಎಣ್ಣೆ ತುಂಬಿದ ಗುಂಡನೆಯ ಡಬ್ಬಿಯೊಂದಿರುತ್ತದೆ. ಎದುರುಬದುರಾಗಿ ಎರಡು ಬೀಸಣಿಗೆಗಳನ್ನಿಟ್ಟು ಒಂದಕ್ಕೆ ವಿದ್ಯುತ್ತು ಕೊಟ್ಟರೆ ಅದರ ಗಾಳಿಗೆ ಇನ್ನೊಂದೂ ತಿರುಗುವುದಷ್ಟೆ? ಇಲ್ಲಿ ಗಾಳಿಯ ಬದಲು ಎಣ್ಣೆ. ಎಂಜಿನ್ನು ತಿರುಗಿಸುವ ಅಲಗುಗಳು ಎಣ್ಣೆಯನ್ನು ಎರಚುತ್ತವೆ. ಆ ಎಣ್ಣೆ ಎದುರಿನ ಅಲಗುಗಳನ್ನು ತಳ್ಳುತ್ತದೆ. ಮರಳಿ ಬರುವ ಎಣ್ಣೆಯ ದಿಕ್ಕನ್ನು ತಿದ್ದುವ ಮೂರನೆಯದೊಂದು ಅಲಗುಚಕ್ರವು ನಡುವೆ ಇರುವುದರಿಂದ, ವಾಹನವು ನಿಂತಲ್ಲಿಂದ ಹೊರಡುವಾಗ ತಿರುಗುಬಲವು ಸುಮಾರು ಎರಡು ಪಟ್ಟಾಗುತ್ತದೆ. ಜರ್ಮನಿಯ ಹರ್ಮನ್ ಫಾಟಿಂಗರನು 1905ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದುದು ಮೋಟಾರುಗಾಡಿಗಾಗಿ ಅಲ್ಲ, ಹಡಗಿಗಾಗಿ. ವೇಗವಾಗಿ ತಿರುಗುವ ಉಗಿಚಕ್ರವನ್ನು ನಿಧಾನವಾಗಿ ತಿರುಗಬೇಕಾದ ಹಡಗಿನ ಪಂಖಕ್ಕೆ ಜೋಡಿಸುವುದು ಆತನ ಸಮಸ್ಯೆಯಾಗಿದ್ದಿತು.

ಎಣ್ಣೆಯ ಮೂಲಕ ಸಾಗುವ ಬಲಕ್ಕೆ ಸುಂಕವೊಂದುಂಟು. ತಳ್ಳುವ ಚಕ್ರವು ತಿರುಗಿದಷ್ಟು ವೇಗವಾಗಿ ತಳ್ಳಿಸಿಕೊಳ್ಳುವ ಚಕ್ರವು ತಿರುಗುವುದಿಲ್ಲ. ಈ ಜಾರುವಿಕೆಯಲ್ಲಿ ಕಳೆದುಹೋದ ಶಕ್ತಿಯೆಲ್ಲ ಎಣ್ಣೆಯಲ್ಲಿ ಶಾಖವಾಗುತ್ತದೆ. ವಾಹನವು ಸ್ವಲ್ಪವೂ ಕದಲದಿದ್ದರೆ ಎಂಜಿನ್ನಿನಿಂದ ಬಂದುದೆಲ್ಲವೂ ಶಾಖವೇ!

ಲೆಕ್ಕ ಹಾಕಿ ನೋಡೋಣ. ಪಿಕಪ್ಪು ಎರಡು ಟನ್ನು, ರಾಶಿಯಂತ್ರ ಎರಡು ಟನ್ನು. ಒಟ್ಟು 4,000 ಕಿಲೋಗ್ರಾಂ. ಇದರ ಭಾರ 39,200 ನ್ಯೂಟನ್. ಸವದತ್ತಿಯ ಎಲ್ಲಮ್ಮನ ಗುಡ್ಡದಂಥ ದಾರಿಯಲ್ಲಿ 14 ಮೀಟರಿಗೆ ಒಂದು ಮೀಟರು ಏರುವ ಕಡೆಯೊಂದಿದೆಯೆಂದು ಊಹಿಸಿದರೆ, ಏರಿಗಾಗಿಯೇ 2,800 ನ್ಯೂಟನ್ ಬೇಕು. ಗಾಲಿಗಳ ಉರುಳುವಿಕೆಗೆ ಇನ್ನೊಂದು 600 ಸೇರಿಸಿರಿ. ಗಂಟೆಗೆ 36 ಕಿಲೋಮೀಟರಿನ, ಎಂದರೆ ಸೆಕೆಂಡಿಗೆ 10 ಮೀಟರಿನ ವೇಗದಲ್ಲಿ ಬೇಕಾಗುವ ಸಾಮರ್ಥ್ಯ 34 ಕಿಲೋವ್ಯಾಟು. ಎಣ್ಣೆಯ ಡಬ್ಬಿಯು ಪಡೆದುದರಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಮಾತ್ರ ಮುಂದೆ ಸಾಗಿಸುತ್ತಿದ್ದರೆ, ಅದಕ್ಕೆ 42.5 ಕಿಲೋವ್ಯಾಟು ಒದಗಿಸಬೇಕು. ಉಳಿದ ಎಂಟೂವರೆ ಕಿಲೋವ್ಯಾಟು ಎಣ್ಣೆಗೆ. ಇಸ್ತ್ರಿಪೆಟ್ಟಿಗೆಯೊಂದು ಒಂದು ಕಿಲೋವ್ಯಾಟಿನದೆಂದರೆ, ಎಂಟು ಇಸ್ತ್ರಿಪೆಟ್ಟಿಗೆಗಳನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟಂತೆ. ಪೆಟ್ಟಿಗೆಯಲ್ಲಿರುವುದು ಒಂಬತ್ತು ಲೀಟರು ಎಣ್ಣೆ, ಏಳೂಮುಕ್ಕಾಲು ಕಿಲೋ. ಅದರ ವಿಶಿಷ್ಟೋಷ್ಣವು ನೀರಿನ ಅರ್ಧದಷ್ಟು. ಶಾಖವು ಹೊರಗೆ ಹೋಗದಿದ್ದರೆ ಎರಡೇ ನಿಮಿಷಗಳಲ್ಲಿ ಉಷ್ಣತೆಯು 60 ಡಿಗ್ರಿಗೂ ಮೀರಿ ಏರುವುದು. (ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬೇಕು, ನಮ್ಮ ಮಾತನ್ನು ನಂಬಬೇಕಾಗಿಲ್ಲ.)

ಸಾಮಾನ್ಯವಾಗಿ ಈ ಎಣ್ಣೆಯು 80ರಿಂದ 95 ಡಿಗ್ರಿಯಲ್ಲಿ ಸುಖವಾಗಿರುತ್ತದೆ. ಅದರಾಚೆಗೆ ಪ್ರತಿ ಹತ್ತು ಡಿಗ್ರಿಗೆ ಅದು ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ರಸಾಯನಶಾಸ್ತ್ರದ ಸ್ಥೂಲನಿಯಮ. ಕೆಟ್ಟ ಎಣ್ಣೆಯಿಂದ ಪೆಟ್ಟಿಗೆಯೊಳಗಿನ ಘರ್ಷಣೆಯ ಬಿಲ್ಲೆಗಳು ಜಾರತೊಡಗುತ್ತವೆ. ಜಾರಿದರೆ ಮತ್ತೂ ಶಾಖ. ಶಾಖದಿಂದ ಮತ್ತೂ ಜಾರುವಿಕೆ. ಇಂಥ ಪೆಟ್ಟಿಗೆಗಳು ಒಮ್ಮೆಲೇ ಮುರಿಯುವುದಕ್ಕಿಂತ ಬೆಂದುಹೋಗುವುದೇ ಹೆಚ್ಚು.

ಆದುದರಿಂದ ಭಾರ ಎಳೆಯುವ ಪಿಕಪ್ಪಿಗೆ ಮಾಡಿಸಬೇಕಾದ ಮೊದಲ ಸುಧಾರಣೆ ಎಣ್ಣೆಗೆ ಪ್ರತ್ಯೇಕ ತಂಪುಜಾಲರಿ. ರೇಡಿಯೇಟರಿನ ಮುಂದೆ ಗಾಳಿ ಬಡಿಯುವಲ್ಲಿ ಅದನ್ನು ಕೂರಿಸಿ, ಎಣ್ಣೆಯು ಪೆಟ್ಟಿಗೆಗೆ ಮರಳುವ ಮುನ್ನ ಅದರೊಳಗೆ ಹಾದುಬರುವಂತೆ ಮಾಡುವರು. ಜೊತೆಗೆ ಎಣ್ಣೆಯ ಉಷ್ಣಮಾಪಕವೊಂದಿರಬೇಕು. ನಮ್ಮ ದೃಷ್ಟಿಯಲ್ಲಿ ಜಾಲರಿಗಿಂತ ಇದೇ ಮೇಲು, ಏಕೆಂದರೆ ಕಾಣದ ಶಾಖಕ್ಕೆ ಚಾಲಕನು ಹೆದರುವುದಿಲ್ಲ. ಆಳವಾದ ಎಣ್ಣೆತಟ್ಟೆ, ಹೆಚ್ಚು ಬಿಲ್ಲೆಗಳ ಕ್ಲಚ್ಚು ಇವೆಲ್ಲ ಆಮೇಲಿನವು. ಹೊಸ ವಾಹನಗಳಲ್ಲಿ ವೇಗ ಹಿಡಿದ ಮೇಲೆ ಎರಡು ಅಲಗುಚಕ್ರಗಳನ್ನೂ ಒಂದಾಗಿ ಬಿಗಿಯುವ ಒಳಕ್ಲಚ್ಚು ಇರುತ್ತದೆ. ಅದು ಬಿಗಿದಾಗ ಜಾರುವಿಕೆಯೇ ಇಲ್ಲ.

ಕಾಸಿಲ್ಲದ ಉಪಾಯವೂ ಒಂದುಂಟು. ಏರಿನಲ್ಲಿ ಸನ್ನೆಗೋಲನ್ನು ಕೈಯಿಂದಲೇ ಕೆಳಗಿನ ಗೇರಿಗೆ ತಂದಿಡುವುದು. ಎಂಜಿನ್ನು ಗದ್ದಲ ಮಾಡಿದರೂ ಅಲಗುಚಕ್ರಗಳ ವೇಗಗಳು ಹತ್ತಿರವಾಗಿ ಎಣ್ಣೆ ತಂಪಾಗುತ್ತದೆ. ಇಳಿಜಾರಿನಲ್ಲಿಯೂ ಅದೇ ಗೇರು ಬ್ರೇಕಿನ ಭಾರವನ್ನು ಇಳಿಸುವುದು. ಆದರೆ ಎಷ್ಟು ಜಾಲರಿ ಕಟ್ಟಿಸಿದರೂ ತಯಾರಕರು ಗೊತ್ತುಮಾಡಿದ ಎಳೆಭಾರದ ಮಿತಿ ಏರುವುದಿಲ್ಲ. ಬ್ರೇಕು, ಚೌಕಟ್ಟು, ಕೊಂಡಿಗಳು ಹಿಂದಿನವೇ ತಾನೆ?

ಮುಂದಿನ ರವಿವಾರ ನಾವೂ ಅಣ್ಣತಮ್ಮಂದಿರೊಡನೆ ಆ ಪಿಕಪ್ಪನ್ನು ನೋಡಲು ಹೋದೆವು. ಅಳತೆಕಡ್ಡಿಯನ್ನು ಎಳೆದು ಬಿಳಿಯ ಕಾಗದದ ಮೇಲೆ ಒರೆಸಿದಾಗ, ಕೆಂಪಗಿರಬೇಕಾದ ಎಣ್ಣೆಯು ಕಾಸಿದ ಬೆಲ್ಲದ ಬಣ್ಣಕ್ಕೆ ತಿರುಗಿದ್ದಿತು. ಮೂಗಿಗೆ ಸುಟ್ಟ ವಾಸನೆ. ಅಣ್ಣನು ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡು, “ಬರ್ರಿ ಸರ್, ಚಾ ಕುಡಿಯೂಣು” ಎಂದನು. ಈ ವರ್ಷವೂ ಅವನ ರಾಶಿಯಂತ್ರವು ಬಾಡಿಗೆಯ ಟ್ರ್ಯಾಕ್ಟರಿನ ಹಿಂದೆಯೇ ಊರೂರು ತಿರುಗುತ್ತಿದೆ.