ಸತ್ಯವೇದದಲ್ಲಿ ತಪ್ಪಿರಬಹುದೇ?

ನಮ್ಮ ಬಳಗದ ಕ್ರೈಸ್ತ ಕುಟುಂಬವೊಂದರ ಹುಡುಗಿ ಕಾಲೇಜಿನಿಂದ ರಜೆಗೆ ಬಂದವಳು ಊಟದ ಹೊತ್ತಿನಲ್ಲಿ ಕೇಳಿದಳಂತೆ: "ಅಪ್ಪಾ, ಬೈಬಲ್ಲಿನಲ್ಲಿ ಒಂದೇ ಒಂದು ತಪ್ಪು ಸಿಕ್ಕರೂ ನಮ್ಮ ನಂಬಿಕೆಯೆಲ್ಲ ಸುಳ್ಳೇ?" ಅಮೆರಿಕದಲ್ಲಿ ನೆಲೆಸಿರುವ ನಮಗೆ ಈ ಪ್ರಶ್ನೆ ಹೊಸದಲ್ಲ. ಕನ್ನಡದಲ್ಲಂತೂ ಆ ಗ್ರಂಥಕ್ಕೆ 'ಸತ್ಯವೇದ' ಎಂದೇ ಹೆಸರು.

1978ರಲ್ಲಿ ಷಿಕಾಗೋದಲ್ಲಿ ಸೇರಿದ ಇನ್ನೂರಕ್ಕೂ ಹೆಚ್ಚು ಇವ್ಯಾಂಜೆಲಿಕಲ್ ಮುಖಂಡರು ಒಂದು ಹೇಳಿಕೆಗೆ ಸಹಿ ಹಾಕಿದರು. ಧರ್ಮದ ವಿಷಯದಲ್ಲಷ್ಟೇ ಅಲ್ಲ, ಇತಿಹಾಸ, ವಿಜ್ಞಾನದ ವಿಷಯದಲ್ಲೂ ಗ್ರಂಥ ದೋಷರಹಿತ ಎಂಬುದು ಅವರ ನಿಲುವು. ಒಂದು ತಪ್ಪನ್ನು ಒಪ್ಪಿದರೆ ಉಳಿದುದರಲ್ಲಿ ಯಾವುದು ನಿಜವೆಂದು ತೀರ್ಮಾನಿಸುವವರು ಯಾರು ಎಂಬ ಅವರ ಕಡೆಯ ಆತಂಕವನ್ನು ನಾವು ಹಗುರವಾಗಿ ಕಾಣಬಾರದು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ ಮಾತು ಬೇರೆ ಬಗೆಯದು: ನಮ್ಮ ರಕ್ಷಣೆಗಾಗಿ ದೇವರು ತಿಳಿಸಬಯಸಿದ ಸತ್ಯವನ್ನು ಗ್ರಂಥ ತಪ್ಪಿಲ್ಲದೆ ಬೋಧಿಸುತ್ತದೆ. ಇದರ ಅರ್ಥವ್ಯಾಪ್ತಿಯ ಬಗ್ಗೆ ಕ್ಯಾಥೊಲಿಕರಲ್ಲೇ ಚರ್ಚೆಯಿದೆ.

ಇನ್ನು ಗ್ರಂಥವನ್ನೇ ತೆರೆದು ನೋಡೋಣ. ಯೇಸುವನ್ನು ಹಿಡಿದುಕೊಟ್ಟ ಯೂದನು ನೇಣು ಹಾಕಿಕೊಂಡನೆಂದು ಮತ್ತಾಯನ ಸುವಾರ್ತೆ ಹೇಳಿದರೆ, ಬಿದ್ದು ಹೊಟ್ಟೆಯೊಡೆದು ಸತ್ತನೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಎರಡನ್ನೂ ಹೊಂದಿಸಿ ವಿವರಿಸುವವರು ಹಿಂದಿನಿಂದಲೂ ಇದ್ದಾರೆ.

ಪಾಠದ ಪ್ರಶ್ನೆ ಇನ್ನೂ ಸೂಕ್ಷ್ಮ. ಷಿಕಾಗೋ ಹೇಳಿಕೆ ದೋಷರಹಿತತೆಯನ್ನು ಮೂಲ ಹಸ್ತಪ್ರತಿಗಳಿಗೆ ಅನ್ವಯಿಸುತ್ತದೆ. ಅವು ಒಂದೂ ಉಳಿದಿಲ್ಲ. ವಚನಗಳ ಓಲೆಗರಿಗಳಂತೆಯೇ ಇಲ್ಲೂ ಪಾಠಾಂತರಗಳಿವೆ, ಪ್ರಕ್ಷೇಪಗಳಿವೆ. ಕಲ್ಲೆಸೆಯಲು ನಿಂತವರಿಂದ ಯೇಸು ಒಬ್ಬ ಹೆಂಗಸನ್ನು ಉಳಿಸಿದ ಕಥೆಯನ್ನು ಕೇಳದವರು ವಿರಳ. ಯೋಹಾನನ ಸುವಾರ್ತೆಯ ಆ ಭಾಗ ನಾಲ್ಕನೆಯ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲವೇ ಇಲ್ಲ! ಆದರೂ ಹೆಚ್ಚಿನ ಆಧುನಿಕ ಬೈಬಲ್ಲುಗಳು ಅದನ್ನು ಕಂಸದಲ್ಲೋ ಅಡಿಟಿಪ್ಪಣಿಯೊಡನೆಯೋ ಉಳಿಸಿಕೊಂಡಿವೆ. ಯಾರ ಕೈಬರಹದಿಂದ ಬಂದಿತೆಂಬ ಸಂದೇಹ, ಕಲ್ಲನ್ನು ಕೆಳಗಿಳಿಸು ಎನ್ನುವ ಅದರ ಕರೆಯನ್ನು ಅಳಿಸಲಿಲ್ಲ.

ಹಾಗಾದರೆ ಆ ಹುಡುಗಿಗೆ ಏನು ಹೇಳೋಣ? ನಾಲ್ಕನೆಯ ಶತಮಾನದಲ್ಲಿ ರೂಪುಗೊಂಡು ಇಂದಿಗೂ ಅನೇಕ ಚರ್ಚುಗಳಲ್ಲಿ ಪಠಿಸುವ ನೈಸೀಯ ವಿಶ್ವಾಸ ಪ್ರಮಾಣವನ್ನು ಓದಮ್ಮ ಎನ್ನಬಹುದು. ಅದರಲ್ಲಿ ತಂದೆಯಾದ ದೇವರಲ್ಲಿ, ಕ್ರಿಸ್ತನಲ್ಲಿ, ಪವಿತ್ರಾತ್ಮನಲ್ಲಿ ನಂಬಿಕೆಯ ಮಾತಿದೆ. ಪ್ರವಾದಿಗಳ ಮೂಲಕ ಆತ್ಮನು ನುಡಿದನೆಂದೂ ಇದೆ. ಗ್ರಂಥದಲ್ಲಿ ಒಂದಕ್ಷರವೂ ತಪ್ಪಿಲ್ಲವೆಂದು ನಂಬಬೇಕೆಂಬ ವಾಕ್ಯ ಮಾತ್ರ ಇಲ್ಲ. ಪ್ರಶ್ನೆ ಕೇಳಿದ ಮಾತ್ರಕ್ಕೆ ಅವಳು ನಂಬಿಕೆಯಿಂದ ಹೊರಗಾದಳೆಂದು ಯಾರೂ ಹೇಳಬೇಕಾಗಿಲ್ಲ. ಅವಳೂ ಹಾಗೆ ಅಂದುಕೊಳ್ಳುವುದು ಬೇಡ.